ಕಮಾನು ಬೇಕೋ, ವ್ಯಾನು ಬೇಕೋ?

ಡಿಸೆಂಬರ್ ಹತ್ತಿರವಾದಂತೆ ಮುಂಬಯಿಯಲ್ಲಿರುವ ನಮ್ಮಂಥವರ ವಾಟ್ಸಾಪಿಗೆ ಊರಿನ ಶಾಲೆಗಳ ಆಮಂತ್ರಣಗಳು ಒಂದರ ಹಿಂದೆ ಒಂದು ಬರತೊಡಗುತ್ತವೆ. ವಜ್ರ ಮಹೋತ್ಸವ, ಅಮೃತ ಮಹೋತ್ಸವ, ಶತಮಾನೋತ್ಸವ. ಬೆಳಿಗ್ಗೆ ಧ್ವಜಾರೋಹಣ, ಮಧ್ಯಾಹ್ನ ಗುರುವಂದನೆ, ಸಂಜೆ ಸಭಾ ಕಾರ್ಯಕ್ರಮ, ರಾತ್ರಿ ಯಕ್ಷಗಾನ. ಕೊನೆಯ ಪುಟದಲ್ಲಿ 'ಮುಂಬಯಿ ಸಮಿತಿ' ಎಂದು ದಪ್ಪಕ್ಷರದಲ್ಲಿ ಬರೆದು ಅದರ ಕೆಳಗೆ ನಮ್ಮ ನಮ್ಮ ಹೆಸರುಗಳು.

ಇದನ್ನು ಲೇವಡಿ ಮಾಡುವ ಉದ್ದೇಶ ನನಗಿಲ್ಲ. ಚಡ್ಡಿ ಹಾಕಿಕೊಂಡು ಊರು ಬಿಟ್ಟು, ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದ ಹಿರಿಯರು ಊರಿನ ಶಾಲೆಗೆ ಕಟ್ಟಿಸಿಕೊಟ್ಟ ಕೋಣೆ, ಬಾವಿ, ರಂಗಮಂಟಪಗಳು ಕರಾವಳಿಯಲ್ಲಿ ಇಂದಿಗೂ ನಿಂತಿವೆ. ತಾವು ಅರ್ಧಕ್ಕೆ ಬಿಟ್ಟ ಓದು ಊರಿನ ಮಕ್ಕಳಿಗೆ ಪೂರ್ತಿ ಸಿಗಲಿ ಎಂಬ ಆಸೆ ಅದರಲ್ಲಿತ್ತು. ಆದರೆ ಈಗ ಬರುವ ಆಮಂತ್ರಣಗಳಲ್ಲಿ ಅಧ್ಯಕ್ಷರ, ಅತಿಥಿಗಳ, ಸನ್ಮಾನಿತರ ಹೆಸರೆಲ್ಲ ಇರುತ್ತವೆ. ಶಾಲೆಯಲ್ಲಿ ಈ ವರ್ಷ ಎಷ್ಟು ಮಕ್ಕಳಿದ್ದಾರೆ ಎಂಬುದೊಂದನ್ನು ಬಿಟ್ಟು.

ಕಳೆದ ವರ್ಷ ಬೈಂದೂರು ಕಡೆಯ ಒಂದು ಶಾಲೆಯ ಶತಮಾನೋತ್ಸವಕ್ಕೆ ಹೋಗಿದ್ದಾಗ ಆ ಸಂಖ್ಯೆ ಕೇಳಿದೆ. ಒಂಬತ್ತು. ಒಂದರಿಂದ ಐದನೆಯ ತರಗತಿವರೆಗೆ ಸೇರಿ ಒಂಬತ್ತು ಮಕ್ಕಳು, ಒಬ್ಬರು ಶಿಕ್ಷಕಿ. ಆ ಸಂಜೆ ವೇದಿಕೆಯ ಮೇಲೆ ಕುಳಿತವರೇ ಅದಕ್ಕಿಂತ ಹೆಚ್ಚಿದ್ದರು. ಊರಿನಲ್ಲಿ ಮಕ್ಕಳಿಲ್ಲವೆಂದಲ್ಲ. ಬೆಳಿಗ್ಗೆ ಎಂಟಕ್ಕೆ ಹಳದಿ ವ್ಯಾನು ಬಂದು, ಡಾಂಬರು ರಸ್ತೆಯ ಬದಿಯ ಮನೆಗಳ ಮಕ್ಕಳನ್ನೆಲ್ಲ ತುಂಬಿಕೊಂಡು ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಗೆ ಹೋಗುತ್ತದೆ. ಉಳಿದ ಒಂಬತ್ತು ಮಂದಿ ಯಾರೆಂದು ವಿಚಾರಿಸಿದರೆ, ಹೆಚ್ಚಿನವರು ಹೊಳೆಯಾಚೆಯವರು. ಕೂಲಿ ಮನೆಗಳ ಮಕ್ಕಳು. ಅವರಲ್ಲಿ ಇಬ್ಬರ ಅಜ್ಜಿ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದರು. "ಮಳಿಗಾಲ್ದಗೆ ಸಂಕ ದಾಟ್ಸುಕೇ ಒಬ್ರ್ ಬೇಕ್ ಮಾರಾಯ್ರೆ. ಆ ವ್ಯಾನ್ ನಮ್ಮನಿ ಬದಿಗ್ ಬತ್ತಿಲ್ಲ. ಬಂದ್ರೂ ಕೊಡುಕೆ ದುಡ್ಡ್ ಎಲ್ಲಿತ್ತ್?" ಎಂದರು.

ಹಳ್ಳಿಯ ಸರಕಾರಿ ಶಾಲೆಯ ಇಡೀ ಸಮಸ್ಯೆ ಈ ಮಾತಿನಲ್ಲಿದೆ ಎಂದು ನನಗನ್ನಿಸುತ್ತದೆ. ಹತ್ತಿರವಿರುವ ಶಾಲೆ ಚೆನ್ನಾಗಿಲ್ಲ, ಚೆನ್ನಾಗಿರುವ ಶಾಲೆ ಹತ್ತಿರವಿಲ್ಲ. ಕೈಯಲ್ಲಿ ಕಾಸಿದ್ದವರು ಈ ನಡುವಿನ ದೂರವನ್ನು ವ್ಯಾನಿನಲ್ಲಿ ದಾಟಿದರು. ಇಲ್ಲದವರು ಅಲ್ಲೇ ಉಳಿದರು.

ಕಾನೂನಿನ ಪ್ರಕಾರ ನೋಡಿದರೆ ಇದು ಬಗೆಹರಿದು ಹೋದ ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಐದನೆಯ ತರಗತಿವರೆಗಿನ ಮಗುವಿಗೆ ಒಂದು ಕಿಲೋಮೀಟರ್ ಒಳಗೆ, ಆರರಿಂದ ಎಂಟರವರೆಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂದು ನಿಯಮ. ಲೆಕ್ಕದ ಮಟ್ಟಿಗೆ ನಮ್ಮ ರಾಜ್ಯದ ಬಹುಪಾಲು ಊರುಗಳಲ್ಲಿ ಶಾಲೆ ಇದೆ. ಆದರೆ ಮಲೆನಾಡು, ಕರಾವಳಿಗಳಲ್ಲಿ ಊರೆಂದರೆ ಬಯಲುಸೀಮೆಯಂತೆ ಒಂದೇ ಕಡೆ ಗುಂಪಾಗಿ ಕೂತ ಮನೆಗಳಲ್ಲ. ಗುಡ್ಡಕ್ಕೊಂದು, ತೋಟಕ್ಕೊಂದು. ನಕಾಶೆಯಲ್ಲಿ ಒಂದು ಕಿಲೋಮೀಟರ್ ಇರುವುದು ಜುಲೈ ತಿಂಗಳಲ್ಲಿ, ಹೊಳೆ ತುಂಬಿ ಕಾಲುಸಂಕ ಮುಳುಗಿದಾಗ, ಸೇತುವೆ ಸುತ್ತಿ ಹೋಗುವವರಿಗೆ ನಾಲ್ಕೈದಾಗುತ್ತದೆ. ಎರಡು ಅಡಿಕೆ ಮರ ಅಡ್ಡ ಹಾಕಿದ ಸಂಕದ ಮೇಲೆ ಬ್ಯಾಗು ಹೊತ್ತು ಹೋಗುವ ಮಗುವಿನ ಫೋಟೋ ಪ್ರತಿ ಮಳೆಗಾಲದಲ್ಲೂ ಪತ್ರಿಕೆಗಳಲ್ಲಿ ಬರುತ್ತದೆ. ಲೋಕೋಪಯೋಗಿ ಇಲಾಖೆ 'ಶಾಲಾ ಸಂಪರ್ಕ ಸೇತು' ಎಂಬ ಯೋಜನೆಯಲ್ಲಿ ಒಂದಷ್ಟು ಕಿರುಸೇತುವೆಗಳನ್ನು ಕಟ್ಟಿದೆ. ಶಾಲೆಗೆ ಸಂಬಂಧಿಸಿದ ಯೋಜನೆಗಳಲ್ಲಿ ಇಷ್ಟು ನೇರವಾಗಿ ಮಗುವಿನ ಕಾಲ ಬುಡಕ್ಕೆ ತಲುಪಿದ್ದು ಇನ್ನೊಂದಿಲ್ಲ ಎಂದೇ ಹೇಳಬೇಕು. ಸಂಕಗಳು ಇನ್ನೂ ಉಳಿದಿವೆ ಎಂಬುದು ಬೇರೆ ಮಾತು.

ಇನ್ನು ಶಿಕ್ಷಕರ ವಿಷಯ. ಅರುವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯದ 2024-25ರ ಅಂಕಿಅಂಶದಂತೆ ದೇಶದಲ್ಲಿ ಒಬ್ಬರೇ ಶಿಕ್ಷಕರಿರುವ ಶಾಲೆಗಳು 1,04,125. ಅವುಗಳಲ್ಲಿ ಓದುವ ಮಕ್ಕಳು 33 ಲಕ್ಷಕ್ಕೂ ಹೆಚ್ಚು. ನಾವು ವಾಸಿಸುವ ಮಹಾರಾಷ್ಟ್ರದಲ್ಲಿ ಇಂಥವು 8,152, ನಮ್ಮ ಕರ್ನಾಟಕದಲ್ಲಿ 7,349.

ಏಕೋಪಾಧ್ಯಾಯ ಶಾಲೆ ಎಂದರೆ ಏನೆಂದು ಪೇಟೆಯವರಿಗೆ ಅಂದಾಜಾಗುವುದು ಕಷ್ಟ. ಒಂದೇ ಕೋಣೆಯಲ್ಲಿ ಐದು ತರಗತಿ. ಒಂದರಿಂದ ಮೂರನೆಯವರೆಗೆ ನಲಿ-ಕಲಿ. ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ, ಮುಂದೆ ರಾಜ್ಯಕ್ಕೆಲ್ಲ ಹಬ್ಬಿದ ಒಳ್ಳೆಯ ಪದ್ಧತಿ ಅದು. ಬೇರೆ ಬೇರೆ ವಯಸ್ಸಿನ ಮಕ್ಕಳು ಕಾರ್ಡುಗಳನ್ನು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಆದರೆ ಅದಕ್ಕೂ ಪಕ್ಕದಲ್ಲಿ ಕೂತು ನೋಡುವ ಶಿಕ್ಷಕರು ಬೇಕು. ಇಲ್ಲಿ ಅದೇ ಶಿಕ್ಷಕಿ ನಾಲ್ಕನೆಯವರಿಗೆ ಭಾಗಾಕಾರ ಹೇಳಬೇಕು, ಐದನೆಯವರಿಗೆ ಇಂಗ್ಲಿಷ್ ಓದಿಸಬೇಕು, ಬಿಸಿಯೂಟದ ಅಕ್ಕಿ-ಬೇಳೆಯ ಲೆಕ್ಕ ಬರೆಯಬೇಕು, ಹಾಲಿನ ಪುಡಿ ಎಷ್ಟು, ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು ಎಂದು ದಾಖಲೆ ಇಡಬೇಕು, ನೆಟ್‌ವರ್ಕ್ ಸಿಗುವ ಗುಡ್ಡದ ತುದಿಗೆ ಹೋಗಿ ಮಾಹಿತಿಯನ್ನು ಆನ್‌ಲೈನ್‌ಗೆ ಹಾಕಬೇಕು. ತರಬೇತಿಗೋ ಸಭೆಗೋ ಕರೆ ಬಂದರೆ ಪಕ್ಕದ ಶಾಲೆಯಿಂದ ಯಾರಾದರೂ ಬರಬೇಕು, ಇಲ್ಲವಾದರೆ ಬಾಗಿಲು ಮುಚ್ಚಬೇಕು. ಅದಲ್ಲದೆ ಚುನಾವಣೆ, ಮತದಾರರ ಪಟ್ಟಿ, ಗಣತಿ. 2025ರ ಸೆಪ್ಟೆಂಬರ್ 22ರಿಂದ ಕರ್ನಾಟಕದಲ್ಲಿ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ನಡೆದಾಗ ಶಿಕ್ಷಕರೇ ಮನೆ ಮನೆ ಸುತ್ತಿದರು. ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆಯಲಾಯಿತು. ಪೇಟೆಯ ಖಾಸಗಿ ಶಾಲೆಯ ಶಿಕ್ಷಕರನ್ನು ಹೀಗೆ ಯಾರೂ ಕರೆಯುವುದಿಲ್ಲ.

ಖಾಲಿ ಹುದ್ದೆ ತುಂಬಲು ಅತಿಥಿ ಶಿಕ್ಷಕರಿದ್ದಾರೆ. ಅವರ ಗೌರವಧನವನ್ನು 2025-26ರ ಬಜೆಟ್‌ನಲ್ಲಿ ತಿಂಗಳಿಗೆ ಎರಡು ಸಾವಿರ ಏರಿಸಿದರು. ಏರಿದ ಮೇಲೆ ಪ್ರಾಥಮಿಕ ಶಾಲೆಯವರಿಗೆ 12,000 ರೂಪಾಯಿ, ಅದೂ ಶಾಲೆ ನಡೆಯುವ ತಿಂಗಳುಗಳಲ್ಲಿ ಮಾತ್ರ. ಡಿ.ಎಡ್., ಬಿ.ಎಡ್. ಮಾಡಿದವರಿಗೆ ಇದು ಸಂಬಳ. ಕಾಯಂ ಶಿಕ್ಷಕರ ಮಟ್ಟಿಗೂ ವ್ಯವಸ್ಥೆ ತಲೆಕೆಳಗಾಗಿದೆ. ವರ್ಗಾವಣೆ ನಿಯಮದಲ್ಲಿ ಎ, ಬಿ, ಸಿ ಎಂದು ವಲಯಗಳಿವೆ. ಸಿ ಎಂದರೆ ಪೇಟೆಯಿಂದ ದೂರದ ಹಳ್ಳಿ. ಆದರೆ ಮನೆ ಬಾಡಿಗೆ ಭತ್ಯೆ ನಗರದಲ್ಲಿ ಹೆಚ್ಚು, ಹಳ್ಳಿಯಲ್ಲಿ ಕಡಿಮೆ. ಬಾಡಿಗೆಗೆ ಮನೆಯೇ ಸಿಗದ ಊರಿಗೆ ದಿನಾ ಬಸ್ಸು, ಆಟೋ ಬದಲಾಯಿಸಿ ಹೋಗುವ ಶಿಕ್ಷಕಿ, ತಾಲ್ಲೂಕು ಕೇಂದ್ರದಲ್ಲೇ ಕೆಲಸ ಮಾಡುವವರಿಗಿಂತ ಕಡಿಮೆ ಹಣ ಮನೆಗೆ ಒಯ್ಯುತ್ತಾರೆ. ಅಲ್ಲಿಗೆ ಹೋದವರು ಯಾವಾಗ ವರ್ಗ ಸಿಗುತ್ತದೆ ಎಂದು ದಿನ ಎಣಿಸಿದರೆ ತಪ್ಪೇನು?

ಹೀಗಿರುವಾಗ ಸರಕಾರಗಳು ಕಂಡುಕೊಂಡ ದಾರಿ ವಿಲೀನ. ಸಣ್ಣ ಸಣ್ಣ ಶಾಲೆಗಳನ್ನು ಮುಚ್ಚಿ, ಒಂದು ದೊಡ್ಡ ಶಾಲೆ ಮಾಡಿ, ಅಲ್ಲಿ ತರಗತಿಗೊಬ್ಬರು ಶಿಕ್ಷಕರು, ಪ್ರಯೋಗಾಲಯ, ಆಟದ ಬಯಲು ಕೊಡುವುದು. ಕರ್ನಾಟಕದಲ್ಲಿ ಇದರ ಹೆಸರು ಕರ್ನಾಟಕ ಪಬ್ಲಿಕ್ ಶಾಲೆ. ಪೂರ್ವ ಪ್ರಾಥಮಿಕದಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ. 2018-19ರ ಹೊತ್ತಿಗೆ 176 ಶಾಲೆಗಳಿಂದ ಆರಂಭವಾಗಿ, ಮರುವರ್ಷ 276 ಆಗಿ, 2025-26ರ ಬಜೆಟ್‌ನಲ್ಲಿ ಇನ್ನೂ 500 ಘೋಷಣೆಯಾದವು. ಮಹಾರಾಷ್ಟ್ರದವರಿಗೂ ಇದು ಹೊಸತಲ್ಲ. ಇಪ್ಪತ್ತು ಮತ್ತು ಅದಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಸೇರಿಸಿ 'ಸಮೂಹ ಶಾಲೆ' ಮಾಡುವ ಪ್ರಸ್ತಾವ 2023ರಲ್ಲಿ ಬಂದಾಗ ಪುಣೆ ಜಿಲ್ಲೆಯ ಪಾನ್‌ಶೇತ್‌ನ ಶಾಲೆಯನ್ನು ಮಾದರಿಯಾಗಿ ತೋರಿಸಿದ್ದರು. ಅಲ್ಲಿ ಮಕ್ಕಳನ್ನು ಬಸ್ಸಿನಲ್ಲಿ ಕರೆತರುತ್ತಾರೆ.

ವಿಲೀನವೆಂದ ಕೂಡಲೆ 'ಕನ್ನಡ ಶಾಲೆ ಮುಚ್ಚಿದರು' ಎಂದು ಬೊಬ್ಬೆ ಹಾಕುವವರ ಗುಂಪಿಗೆ ನಾನು ಸೇರಲಾರೆ. ಒಂಬತ್ತು ಮಕ್ಕಳ ಶಾಲೆಯಲ್ಲಿ ಐದನೆಯ ತರಗತಿಯ ಒಬ್ಬಳೇ ಹುಡುಗಿಗೆ ಜೊತೆಗೆ ಕೂತು ಓದಲು ಯಾರೂ ಇಲ್ಲ, ಕಬಡ್ಡಿಗೆ ತಂಡವಿಲ್ಲ, ಜಗಳವಾಡಲೂ ಸಮವಯಸ್ಕರಿಲ್ಲ. ಇದನ್ನು ಶಾಲೆ ಉಳಿಯಿತೆಂದು ಹೇಳಿಕೊಂಡು ನಾವು ಸಂಭ್ರಮಪಡುವುದು ಆ ಹುಡುಗಿಗೆ ಮಾಡುವ ಅನ್ಯಾಯ. ಮುಂಬಯಿಯಲ್ಲಿ ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿ, ಊರಿನ ವೇದಿಕೆಯ ಮೇಲೆ ಕನ್ನಡ ಶಾಲೆ ಉಳಿಸಿ ಎಂದು ಭಾಷಣ ಮಾಡುವುದನ್ನು ಊರಿನವರು ಕೇಳಿ ಕೇಳಿ ಸುಸ್ತಾಗಿದ್ದಾರೆ.

ನನ್ನ ತಕರಾರು ಇರುವುದು ಕೆಲಸದ ಕ್ರಮದ ಬಗ್ಗೆ. ಮೊದಲು ಶಾಲೆ ಮುಚ್ಚುತ್ತದೆ, ಬಸ್ಸು ಆಮೇಲೆ ಬರುತ್ತದೆ ಎನ್ನುತ್ತಾರೆ. ಆ 'ಆಮೇಲೆ' ಎಂಬುದರಲ್ಲೇ ಎರಡು ವರ್ಷ ಹೋದರೆ ಒಂದು ಮಗುವಿನ ನಾಲ್ಕು, ಐದನೆಯ ತರಗತಿ ಮುಗಿದೇಹೋಯಿತು. ಶಾಲೆ ದೂರವಿರುವ ಮಗುವಿಗೆ ಸಾರಿಗೆ ಭತ್ಯೆ ಕೊಡಲು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ, ವರ್ಷಕ್ಕೆ 6,000 ರೂಪಾಯಿವರೆಗೆ. ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ ಆರುನೂರು, ಶಾಲೆಯ ದಿನಕ್ಕೆ ಇಪ್ಪತ್ತೈದು ರೂಪಾಯಿಯ ಸುತ್ತಮುತ್ತ. ಗುಡ್ಡದ ಮೇಲಿನ ಎರಡು ಮನೆಗಳಿಗೆ ಅಷ್ಟಕ್ಕೆ ಬರುವ ಆಟೋದವನನ್ನು ನಾನಂತೂ ಕಂಡಿಲ್ಲ. ಹಣ ಖಾತೆಗೆ ಬೀಳುವುದಕ್ಕೂ ವಾಹನ ಮನೆ ಬಾಗಿಲಿಗೆ ಬರುವುದಕ್ಕೂ ಬಹಳ ವ್ಯತ್ಯಾಸವಿದೆ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸರಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವಾಯಿತು. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳ ಹೆಣ್ಣುಮಕ್ಕಳಿಗೆ ಇದು ಹೈಸ್ಕೂಲು, ಕಾಲೇಜಿನ ದಾರಿಯನ್ನು ಸುಲಭ ಮಾಡಿದೆ. ಆದರೆ ಉಡುಪಿ, ದಕ್ಷಿಣ ಕನ್ನಡದಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಒಳನಾಡಿನಲ್ಲಿ ಕೆಂಪು ಬಸ್ಸು ಕಾಣುವುದೇ ಅಪರೂಪ. ಎಂಟನೆಯ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಬಂದಿತ್ತು, ಕೊರೊನಾ ಕಾಲದಲ್ಲಿ ಅದೂ ನಿಂತಿತು. ಹೇಗೂ ಆರು ವರ್ಷದ ಮಗುವಿಗೆ ಅದರಿಂದ ಪ್ರಯೋಜನವಿರಲಿಲ್ಲ.

ಜತ್, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಓದುಗರು ಇಲ್ಲೊಂದು ವಿಷಯ ಗಮನಿಸಬೇಕು. ಅಲ್ಲಿಯ ಜಿಲ್ಲಾ ಪರಿಷತ್ತಿನ ಕನ್ನಡ ಮಾಧ್ಯಮದ ಸಣ್ಣ ಶಾಲೆಯನ್ನು ಹತ್ತಿರದ ದೊಡ್ಡ ಶಾಲೆಗೆ ಸೇರಿಸುವುದೆಂದರೆ, ಆ ದೊಡ್ಡ ಶಾಲೆ ಮರಾಠಿ ಶಾಲೆಯಾಗಿದ್ದರೆ ಏನರ್ಥ? ಮೂರನೆಯ ತರಗತಿಯ ಮಗು ಬಸ್ಸು ಹತ್ತಿ ಬೇರೆ ಭಾಷೆಗೆ ಹೋಗುತ್ತದೆ. ಕಿಲೋಮೀಟರಿನ ಲೆಕ್ಕದಲ್ಲಿ ಈ ದೂರ ಎಲ್ಲೂ ನಮೂದಾಗುವುದಿಲ್ಲ. ಗಡಿಭಾಗದ ಕನ್ನಡ ಸಂಘಟನೆಗಳು ನಾಡಹಬ್ಬಕ್ಕೆ ಕೊಡುವ ಶ್ರಮದಲ್ಲಿ ಅರ್ಧವನ್ನು ಈ ಪ್ರಶ್ನೆಗೆ ಕೊಟ್ಟರೂ ಸಾಕು.

ವಾಹನದ ಶಕ್ತಿ ಏನೆಂದು ನೋಡಬೇಕಿದ್ದರೆ ಬಂಟ್ವಾಳ ತಾಲ್ಲೂಕಿನ ದಡ್ಡಲಕಾಡಿಗೆ ಹೋಗಬೇಕು. ಮಕ್ಕಳ ಸಂಖ್ಯೆ ಮೂವತ್ತರ ಆಸುಪಾಸಿಗೆ ಇಳಿದು ಮುಚ್ಚುವ ಹಂತದಲ್ಲಿದ್ದ ಸರಕಾರಿ ಶಾಲೆ ಅದು. ಊರಿನ ಯುವಕರ ಸಂಘವೊಂದು ದತ್ತು ತೆಗೆದುಕೊಂಡು, ಎಲ್‌ಕೆಜಿ, ಯುಕೆಜಿ ತೆರೆದು, ಇಂಗ್ಲಿಷ್ ಕಲಿಸುವ ಏರ್ಪಾಡು ಮಾಡಿ, ಮಕ್ಕಳನ್ನು ಕರೆತರಲು ಬಸ್ಸು ಹಾಕಿತು. ಕೆಲವೇ ವರ್ಷಗಳಲ್ಲಿ ಮಕ್ಕಳು ನೂರುಗಳ ಲೆಕ್ಕಕ್ಕೆ ಏರಿದರು. ಖಾಸಗಿ ಶಾಲೆಗೆ ಹೋಗುತ್ತಿದ್ದವರೂ ವಾಪಸು ಬಂದರು. ಅಂದರೆ ಹೆತ್ತವರಿಗೆ ಸರಕಾರಿ ಶಾಲೆಯ ಮೇಲೆ ದ್ವೇಷವೇನೂ ಇಲ್ಲ. ಅವರು ಕೇಳುವುದು ಮೂರೇ: ಮಗು ಕ್ಷೇಮವಾಗಿ ಹೋಗಿ ಬರಬೇಕು, ತರಗತಿಯಲ್ಲಿ ಟೀಚರ್ ಇರಬೇಕು, ಒಂದಿಷ್ಟು ಇಂಗ್ಲಿಷ್ ಬರಬೇಕು. ಮೂರೂ ನ್ಯಾಯವಾದ ಬೇಡಿಕೆಗಳೇ.

ಹರೇಕಳ ಹಾಜಬ್ಬರ ಹೆಸರು ಈಗ ಎಲ್ಲರಿಗೂ ಗೊತ್ತು. ಮಂಗಳೂರಿನಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದವರು, ತಮ್ಮೂರು ನ್ಯೂಪಡ್ಪುವಿಗೆ ಶಾಲೆ ತಂದವರು, 2020ರಲ್ಲಿ ಪದ್ಮಶ್ರೀ ಘೋಷಣೆಯಾದವರು. ಅವರ ಕಥೆ ಹೇಳುವಾಗ ನಾವು ಕಿತ್ತಳೆಯ ಹತ್ತಿರವೇ ನಿಂತುಬಿಡುತ್ತೇವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಇಲಾಖೆಯ ಕಚೇರಿಗಳಿಗೆ ವರ್ಷಗಟ್ಟಲೆ ಅಲೆದದ್ದು. ಸ್ವಂತ ಖಾಸಗಿ ಶಾಲೆ ತೆರೆಯಲಿಲ್ಲ ಅವರು. ಸರಕಾರಿ ಶಾಲೆಯೇ ಬೇಕೆಂದರು. ಪ್ರಾಥಮಿಕ ಶಾಲೆ ಬಂದ ಮೇಲೆ ಹೈಸ್ಕೂಲು ಕೇಳಿದರು, ಅದು ಬಂದ ಮೇಲೆ ಪಿಯು ಕಾಲೇಜು ಕೇಳಿದರು.

ದಾನಿಗಳಾದ ನಾವು ಸಾಮಾನ್ಯವಾಗಿ ಈ ಕೇಳುವ ಕೆಲಸ ಮಾಡುವುದಿಲ್ಲ. ನಮಗೆ ಕೊಡುವುದು ಇಷ್ಟ, ಅದೂ ಕಣ್ಣಿಗೆ ಕಾಣುವಂಥದ್ದನ್ನು. ದ್ವಾರದ ಕಮಾನು ಕಾಣುತ್ತದೆ. ಗೋಡೆಯ ಮೇಲೆ ರೈಲಿನ ಚಿತ್ರ ಕಾಣುತ್ತದೆ. ಸ್ಮಾರ್ಟ್ ಬೋರ್ಡಿನ ಕೆಳಗೆ ಹೆಸರು ಬರೆಸಬಹುದು. ಅದರ ಬಲ್ಬು ಹೋದ ಮೇಲೆ ಹೆಸರು ಮಾತ್ರ ಉಳಿಯುತ್ತದೆ. ವ್ಯಾನಿನ ಡ್ರೈವರನ ಸಂಬಳದ ಮೇಲೆ ಯಾರ ಹೆಸರನ್ನೂ ಬರೆಯಲಾಗುವುದಿಲ್ಲ. ಡೀಸೆಲ್, ಟಯರು, ವಿಮೆ, ಆಗಾಗ ಎಫ್‌ಸಿ ಇವುಗಳನ್ನು ಶತಮಾನೋತ್ಸವದ ವೇದಿಕೆಯಲ್ಲಿ ಉದ್ಘಾಟಿಸುವುದು ಹೇಗೆ?

ಬೈಂದೂರಿನ ಆ ಶಾಲೆಯ ಮುಂಬಯಿ ಸಮಿತಿಯಲ್ಲಿ ಈಗ ಈ ಚರ್ಚೆಯೇ ನಡೆದಿದೆ. ಶತಮಾನೋತ್ಸವ ಮುಗಿದ ಮೇಲೆ ಒಂದಿಷ್ಟು ಹಣ ಉಳಿದಿದೆ. ಕೆಲವರು ಕಮಾನು ಎನ್ನುತ್ತಾರೆ, ಕೆಲವರು ವ್ಯಾನು ಎನ್ನುತ್ತಾರೆ. ವ್ಯಾನಿನ ಪಕ್ಷದವರು ಹೇಳುವುದು ಹೀಗೆ: ಮೂರು ಕಿಲೋಮೀಟರ್ ಆಚೆ ಏಳನೆಯ ತರಗತಿವರೆಗಿನ ಸರಕಾರಿ ಶಾಲೆ ಇದೆ, ಶಿಕ್ಷಕರೂ ಇದ್ದಾರೆ. ಹೊಳೆಯಾಚೆಯ ಮಕ್ಕಳನ್ನು ಸೇರಿಸಿಕೊಂಡು ಎರಡೂ ಶಾಲೆಗಳ ನಡುವೆ ಒಂದು ವಾಹನ ಓಡಿಸಿದರೆ ಅವರಿಗೆ ಸಹಪಾಠಿಗಳೂ ಸಿಗುತ್ತಾರೆ, ಟೀಚರೂ ಸಿಗುತ್ತಾರೆ. 'ಹಾಗಾದರೆ ನಮ್ಮ ನೂರು ವರ್ಷದ ಶಾಲೆ ನಾವೇ ಮುಚ್ಚಿಸಿದ ಹಾಗಾಗುವುದಿಲ್ಲವೇ?' ಎಂದು ಹಿರಿಯರೊಬ್ಬರು ಕೇಳಿದರು. ಅವರ ಸಂಕಟ ಸುಳ್ಳಲ್ಲ, ಅವರ ತಂದೆ ಅದರ ಗೋಡೆಗೆ ಕಲ್ಲು ಹೊತ್ತವರು. ಆದರೆ ಕಟ್ಟಡವನ್ನು ಅಂಗನವಾಡಿಗೋ ವಾಚನಾಲಯಕ್ಕೋ ಕೊಡಬಹುದು. ಮಗುವಿನ ಐದು ವರ್ಷವನ್ನು ಇನ್ನೊಮ್ಮೆ ಕೊಡಲು ಬರುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಇದು ಸರಕಾರದ ಕೆಲಸ, ನಾವು ಮಾಡಿದರೆ ಸರಕಾರ ಕೈ ತೊಳೆದುಕೊಳ್ಳುತ್ತದೆ. ಒಪ್ಪುತ್ತೇನೆ. ಹತ್ತಿರದಲ್ಲಿ ಶಾಲೆ ಇಲ್ಲದ ಕಡೆ ಉಚಿತ ಸಾರಿಗೆ ಅಥವಾ ವಸತಿಯ ಏರ್ಪಾಡು ಮಾಡುವುದು ಸರಕಾರದ ಹೊಣೆ, ಅದು ನಿಯಮದಲ್ಲೇ ಇದೆ. ಅದಕ್ಕೇ ವ್ಯಾನಿನ ಜೊತೆಗೆ ಅರ್ಜಿಯೂ ಹೋಗಬೇಕು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ನಾವೆಲ್ಲ ಎಸ್‌ಡಿಎಂಸಿ ಎನ್ನುವುದು, ಕರ್ನಾಟಕದಲ್ಲಿ 2001ರಿಂದ ಇದೆ. ಶಿಕ್ಷಣ ಹಕ್ಕು ಕಾಯ್ದೆಯಂತೆ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಸಮಿತಿಯೇ ಶಾಲೆಯ ಅಭಿವೃದ್ಧಿ ಯೋಜನೆ ಬರೆಯಬೇಕು. ಮುಂಬಯಿಯವರು ಅದರ ಸದಸ್ಯರಾಗಲಾರರು, ಆಗಬೇಕಾಗಿಯೂ ಇಲ್ಲ. ಆದರೆ ಊಟದ ಪಂಕ್ತಿಯಲ್ಲಿ ನನ್ನೊಂದಿಗೆ ಮಾತಾಡಿದ ಅಜ್ಜಿಯ ಮಗಳು ಅದರ ಸದಸ್ಯೆ. ಹೊಳೆ, ಸಂಕ, ಮಕ್ಕಳ ಹೆಸರು, ಖಾಲಿ ಇರುವ ಹುದ್ದೆ ಇವನ್ನೆಲ್ಲ ಯೋಜನೆಯಲ್ಲಿ ಬರೆದು, ಠರಾವು ಮಾಡಿ, ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಲು ಆಕೆಗೆ ಜೊತೆ ಬೇಕು. ನಮ್ಮಲ್ಲಿ ನಿವೃತ್ತ ಬ್ಯಾಂಕಿನವರು, ವಕೀಲರು, ಲೆಕ್ಕಪರಿಶೋಧಕರು ಬೇಕಾದಷ್ಟಿದ್ದಾರೆ. ಊರಿಗೆ ಹೋದಾಗ ಒಂದು ದಿನವನ್ನು ದೇವಸ್ಥಾನಕ್ಕೆ ಕೊಡುವ ಹಾಗೆ ಒಂದು ದಿನವನ್ನು ಬೈಂದೂರಿನ ಕಚೇರಿಗೂ ಕೊಡಬಹುದು.

ವ್ಯಾನಿನ ತೊಡಕುಗಳೂ ಸಣ್ಣವಲ್ಲ. ವಾಹನ ಯಾರ ಹೆಸರಿನಲ್ಲಿರಬೇಕು? ಎಸ್‌ಡಿಎಂಸಿ ಪದಾಧಿಕಾರಿಗಳು ಬದಲಾಗುತ್ತಿರುತ್ತಾರೆ, ಆದ್ದರಿಂದ ನೋಂದಾಯಿತ ಹಳೆ ವಿದ್ಯಾರ್ಥಿ ಸಂಘದ ಹೆಸರಿನಲ್ಲಿರಲಿ ಎಂಬ ಸಲಹೆ ಬಂದಿದೆ. ಶಾಲಾ ವಾಹನದ ಪರ್ಮಿಟ್ ಬೇಕು, ಪ್ರಯಾಣಿಕ ವಿಮೆ ಬೇಕು. ಮೊದಲ ವರ್ಷದ ಉತ್ಸಾಹ ಮೂರನೆಯ ವರ್ಷಕ್ಕೆ ಇರುವುದಿಲ್ಲವೆಂದು ಎಲ್ಲ ಸಂಘಗಳಿಗೂ ಗೊತ್ತು. ಹಾಗಾಗಿ ಒಟ್ಟಿಗೆ ಲಕ್ಷ ಕೊಡುವ ಒಬ್ಬ ದಾನಿಗಿಂತ ತಿಂಗಳಿಗೆ ಐನೂರು ಕೊಡುವ ನಲವತ್ತು ಮಂದಿ ಹಳೆ ವಿದ್ಯಾರ್ಥಿಗಳು ಹೆಚ್ಚು ನಂಬಿಕೆಗೆ ಯೋಗ್ಯರು. ನಮ್ಮ ಪಟ್ಟಿಯಲ್ಲಿ ಸದ್ಯ ಹದಿನೇಳು ಹೆಸರಿವೆ.

ಡ್ರೈವರನ ವಿಷಯದಲ್ಲಿ ಮಾತು ನಿಂತಿದೆ. ಊರಿನವನೇ ಸಿಕ್ಕಿದ್ದಾನೆ, ಸಂಕದ ತನಕ ಬಂದು ಮಕ್ಕಳನ್ನು ಕೈಹಿಡಿದು ದಾಟಿಸಲೂ ಒಪ್ಪಿದ್ದಾನೆ. ಆದರೆ ಏಪ್ರಿಲ್, ಮೇ ತಿಂಗಳ ಸಂಬಳ ಯಾರು ಕೊಡುತ್ತೀರಿ ಎಂದು ಕೇಳುತ್ತಾನೆ. ಆ ಎರಡು ತಿಂಗಳು ಬೇರೆ ಕೆಲಸಕ್ಕೆ ಹೋದರೆ ಜೂನ್‌ನಲ್ಲಿ ವಾಪಸು ಬರುವ ಖಾತ್ರಿ ಅವನಿಗೂ ಇಲ್ಲ, ನಮಗೂ ಇಲ್ಲ. ತಮ್ಮೂರಿನ ಸರಕಾರಿ ಶಾಲೆಗೆ ಹೀಗೆ ವಾಹನ ನಡೆಸುತ್ತಿರುವ ಸಂಘದವರು ಈ ಅಂಕಣದ ಓದುಗರಲ್ಲಿ ಯಾರಾದರೂ ಇದ್ದರೆ, ಬೇಸಿಗೆ ರಜೆಯ ಸಂಬಳವನ್ನು ಹೇಗೆ ಹೊಂದಿಸುತ್ತೀರೆಂದು ದಯವಿಟ್ಟು ಸಂಪಾದಕರ ಮೂಲಕ ತಿಳಿಸಿ. ಮುಂದಿನ ಸಭೆ ಜನವರಿಯ ಎರಡನೆಯ ಭಾನುವಾರ, ಅಷ್ಟರೊಳಗೆ ಸಿಕ್ಕಿದರೆ ಉಪಕಾರವಾಗುತ್ತದೆ.